ಗಂಗಾಳ ಗೇರಿಲ್ಲದ ಗಾಡಿ

ತಾಳ್ಯದ ಹಟ್ಟಿ
14 ಜುಲೈ 2025

ಅಣ್ಣನಿಗೆ ಗಂಗಾಳ ನಮಸ್ಕಾರ.

ಕವರಿನ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ನಿನ್ನ ಮೂಗು ಕೆಂಪಾಗಿರುತ್ತದೆ, ಗೊತ್ತು. ಸಿಟ್ಟು ಇಳಿದ ಮೇಲೆ ಓದು, ಆದರೆ ಹರಿಯಬೇಡ. ನನ್ನ ಜತೆ ಮಾತಾಡುವುದಿಲ್ಲ ಎಂದು ಗುಡಿ ಮುಂದೆ ನಿಂತು, ಹಟ್ಟಿಯವರೆಲ್ಲ ಕೇಳುವಂತೆ ನೀನು ಆಣೆ ಇಟ್ಟು ಎರಡು ವರ್ಷವಾಯಿತು. "ಆ ಗಾಡಿ ಸ್ಟೇರಿಂಗ್ ಹಿಡಿದ್ಯೋ, ಅವತ್ತಿಗೆ ನಿಂಗೂ ನಂಗೂ ಮಾತು ಮುಗೀತು" ಅಂದೆ. ನಾನು ಹಿಡಿದೆ. ನೀನು ಬಾಯಿ ಮುಚ್ಚಿದೆ. ಆದರೆ ಬರೆಯುವುದಿಲ್ಲ ಅಂತ ಎಲ್ಲೂ ಹೇಳಿರಲಿಲ್ಲ. ಹಟ್ಟಿಯ ಹಿರಿಯರನ್ನೂ ಕೇಳಿದೆ, "ಕಾಗದಕ್ಕೆ ಬಾಯಿಲ್ಲ ಕಣವ್ವ, ಬರಿ" ಅಂದರು. ಅತ್ತಿಗೆಗೆ ಫೋನಿನಲ್ಲಿ ಹೇಳಿದರೆ ಅರ್ಧ ಅವರ ಹತ್ತಿರವೇ ಉಳಿಯುತ್ತದೆ, ಇನ್ನರ್ಧ ನಿನ್ನ ಹತ್ತಿರ ಬರುವಷ್ಟರಲ್ಲಿ ಬೇರೆ ಏನೋ ಆಗಿರುತ್ತದೆ. ಅದಕ್ಕೇ ಈ ಕಾಗದ.

ನನ್ನ ಪಿಕಪ್ ಗಾಡಿಗೆ ಹುಷಾರಿಲ್ಲ ಅಣ್ಣ. ಬೆಳಿಗ್ಗೆ ಲಿವರನ್ನು ಮುಂದೆ ಹೋಗುವ ‘ಡಿ’ ಗುರುತಿಗೆ ಎಳೆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಧಡಕ್ಕನೆ ಜಿಗಿಯುತ್ತದೆ. ಮೊನ್ನೆ ಕುರಿ ತುಂಬಿಕೊಂಡು ಹೊಸದುರ್ಗದ ಕಡೆ ಹೋಗುವಾಗ, ಗಾಳಿ ಫ್ಯಾನುಗಳಿರುವ ಗುಡ್ಡದ ಏರಿನಲ್ಲಿ ಎಂಜಿನ್ ಕೂಗಿಕೊಂಡಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಹೊಳಲ್ಕೆರೆಯ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದವರು ಹಾಗೇ ಇಳಿಸಿದರು. "ಆಟೋಮ್ಯಾಟಿಕ್ ಗೇರು ನಾವ್ ಮುಟ್ಟಲ್ಲಕ್ಕ" ಅಂದರು. ಇನ್ನೊಬ್ಬ, ಇದನ್ನು ಕಿತ್ತು ಕ್ಲಚ್ ಇರುವ ಗೇರ್ ಬಾಕ್ಸ್ ಕೂರಿಸಿಕೊಡುತ್ತೇನೆ ಎಂದ. ನನ್ನ ಎಡಗಾಲು ಹುಟ್ಟಿದ ಮೂರನೇ ವರ್ಷಕ್ಕೇ ಪೋಲಿಯೋದಲ್ಲಿ ಸೋತಿದ್ದು ನಿನಗೆ ಹೇಳಬೇಕಾಗಿಲ್ಲ. ಕ್ಲಚ್ ಇರುವ ಗಾಡಿ ನನ್ನ ಪಾಲಿಗೆ ಬಂಡೆ ಇದ್ದ ಹಾಗೆ. ಈ ಗೇರು ಹೋದರೆ ನನ್ನ ಓಡಾಟವೂ ಹೋಯಿತು.

ನಮ್ಮ ಪೈಕಿ ಗಾಡಿ ಬಲ್ಲವನು ನೀನೊಬ್ಬನೇ. ಏನು ಮಾಡಲಿ, ಬರಿ.

ನಿನ್ನ ತಂಗಿ,
ಗಂಗಾ

*

ಹಿರಿಯೂರು
22 ಜುಲೈ 2025

ಗಂಗಾಳಿಗೆ ಕಾಟಲಿಂಗಪ್ಪನ ಆಶೀರ್ವಾದ. ಸಿಟ್ಟು ಹಾಗೇ ಇದೆ. ಆಶೀರ್ವಾದ ಬೇರೆ ಬಾಬತ್ತು.

ಮಾರಿಬಿಡು ಅಂತ ಒಂದೇ ಸಾಲು ಬರೆದು ಕಳಿಸೋಣ ಅಂತಿದ್ದೆ. ನಿನ್ನ ಅತ್ತಿಗೆ ಸುಮಿತ್ರಾ ಪೆನ್ನು ಕಸಿದುಕೊಂಡಳು. ಮೂವತ್ತು ವರ್ಷ ಲಾರಿ ಓಡಿಸಿದವನು ನಾನು. ಬೈಪಾಸಿನಲ್ಲಿ ಎಂತೆಂಥಾ ಗಾಡಿಗಳು ಹೇಗೆ ಹೇಗೆ ಮಲಗಿದ್ದು ನೋಡಿದ್ದೇನೆ ಅಂತ ಬರೆದರೆ ನಿನಗೆ ಊಟ ಸೇರುವುದಿಲ್ಲ. ಆ ರಸ್ತೆಗೆ ನೀನು ಇಳಿಯುತ್ತೀಯ ಎಂದಾಗ ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಬಾಯಿ ಜಾಸ್ತಿ, ಅದೂ ನಿನಗೆ ಗೊತ್ತು. ಮೇಲಾಗಿ ಗೇರಿಲ್ಲದ್ದು ಒಂದು ಗಾಡಿಯಾ? ಡ್ರೈವರ್ ಕೈಗೆ ಕೆಲಸವಿಲ್ಲದಿದ್ದರೆ ಅವನು ಸೀಟಿನಲ್ಲಿ ಕೂತು ಏನು ಮಾಡಬೇಕು, ಕಡ್ಲೆಕಾಯಿ ಸುಲಿಯಬೇಕಾ?

ಅದಿರಲಿ. ಕೇಳಿದ್ದಕ್ಕೆ ಉತ್ತರ ಕೊಡು. ಜಿಗಿಯುವುದು ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೂ ಇದೆಯೋ? ಗೇರಿನ ಎಣ್ಣೆ ಎಂದಾದರೂ ಬದಲಿಸಿದ್ದೀಯಾ? ನಿನ್ನ ಗಾಡಿಯಲ್ಲಿ ಅದನ್ನು ನೋಡುವ ಕಡ್ಡಿ ಇದ್ದರೆ ಎಳೆದು ಬಿಳಿ ಬಟ್ಟೆಗೆ ಒರೆಸು. ಬಣ್ಣ ನೋಡು, ಮೂಸು. ಯಾರದೋ ಮಾತು ಕೇಳಿ ಅದರೊಳಗೆ ಟ್ರ್ಯಾಕ್ಟರ್ ಎಣ್ಣೆ ಸುರಿಯಬೇಡ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದರ ಡಬ್ಬ ಒಂದಿರುತ್ತದೆ, ಎಲ್ಲರಿಗೂ ಎಲ್ಲದಕ್ಕೂ ಅದನ್ನೇ ಸುರಿಯುವ ಚಪಲ.

ಸುಮಿತ್ರಾ ನಿನ್ನ ಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದಾಳೆ. ನಾನು ಕೇಳುತ್ತಿಲ್ಲ.

ಕಾಟಲಿಂಗಪ್ಪ

*

ತಾಳ್ಯದ ಹಟ್ಟಿ
2 ಆಗಸ್ಟ್ 2025

ಅಣ್ಣನಿಗೆ ನಮಸ್ಕಾರ. ಕಾಲು ನೋವು ಕಮ್ಮಿ ಇದೆ, ಅತ್ತಿಗೆಗೆ ಹೇಳು. ನೀನು ಕೇಳಿಸಿಕೊಳ್ಳಬೇಡ.

ಬಟ್ಟೆಗೆ ಒರೆಸಿ ನೋಡಿದೆ. ಕಾಫಿ ಡಿಕಾಕ್ಷನ್ ಬಣ್ಣ. ರೊಟ್ಟಿ ಸೀದ ವಾಸನೆ. ಎಂದೂ ಬದಲಿಸಿಲ್ಲ, ಏಕೆಂದರೆ ಈ ಗೇರಿಗೆ ಹಾಕಿದ ಎಣ್ಣೆ ಜೀವಮಾನ ಪೂರ್ತಿ ಬರುತ್ತದೆ ಎಂದು ಗಾಡಿ ಮಾರಿದವನು ಹೇಳಿದ್ದ. ಯಾರ ಜೀವಮಾನ ಎಂದು ನಾನು ಕೇಳಲಿಲ್ಲ.

ಈಗ ದೊಡ್ಡ ಸುದ್ದಿ. ಸೋಮವಾರ ಗಾಡಿ ಪೂರ್ತಿ ನಿಂತಿತು. ಹಟ್ಟಿಯಿಂದ ಹೊರಟು ಹಳ್ಳದ ದಿಬ್ಬ ಹತ್ತಬೇಕು, ಡಿಯಲ್ಲೂ ಇಲ್ಲ, ರಿವರ್ಸೂ ಇಲ್ಲ. ಎಂಜಿನ್ ಬಂದ್ ಮಾಡಿ ಕೂತೆ. ಅಷ್ಟರಲ್ಲಿ ಸುದ್ದಿ ಹಟ್ಟಿಗೆ ಮುಟ್ಟಿ ಒಲೆ ಮುಂದಿದ್ದವರೂ ಎದ್ದು ಬಂದರು. ಸಣ್ಣಪ್ಪ ಉಳುತ್ತಿದ್ದ ಟ್ರ್ಯಾಕ್ಟರನ್ನು ಅರ್ಧಕ್ಕೇ ಬಿಟ್ಟು ತಂದ. "ಗಂಗಕ್ಕನ ಗಾಡಿ ನಿಂತ್ರೆ ನಮ್ ಕಾಲೇ ನಿಂತಂಗೆ. ಎಳ್ಕಂಡು ಹೋಗಾಣ ಏಳ್ರಿ" ಅಂದ. ಕುರಿ ಕಟ್ಟುವ ಹಗ್ಗ, ಬಾವಿ ಹಗ್ಗ, ಎತ್ತಿನ ಮಿಣಿ, ಇದ್ದದ್ದೆಲ್ಲ ಸೇರಿಸಿ ಹೊಸೆದರು. ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಲಿವರನ್ನು ನ್ಯೂಟ್ರಲ್‌ಗೆ ಹಾಕಿಸಿ, ತಾಳ್ಯದ ತನಕ ಎಳೆದುಕೊಂಡು ಹೋದರು. ಹಿಂದೆ ಮುಂದೆ ಜನ. ಮದುವೆ ಹೆಣ್ಣಿನ ಹಾಗೆ ಕೂತಿದ್ದೆ. ನನಗೆ ಕಣ್ಣಲ್ಲಿ ನೀರು ಬಂತು ಅಣ್ಣ, ದುಃಖಕ್ಕಲ್ಲ.

ತಾಳ್ಯ ಇನ್ನೇನು ಬಂತು ಅನ್ನುವಾಗ ಕೆಳಗಿನಿಂದ ಸುಟ್ಟ ವಾಸನೆ ಜಾಸ್ತಿಯಾಯಿತು. ನಾನೇ ಕೂಗಿ ನಿಲ್ಲಿಸಿದೆ. ಈಗ ಗಾಡಿ ಸೊಸೈಟಿ ಪಕ್ಕದ ಬೇವಿನ ಮರದ ಕೆಳಗಿದೆ. ನಾಳೆ ಹೊಳಲ್ಕೆರೆ ತನಕ ಎಳೆಯೋಣ ಎಂದು ಎಲ್ಲರೂ ತಯಾರಿದ್ದಾರೆ. ನೀನು ಏನು ಹೇಳುತ್ತೀಯೋ ನೋಡಿ ಆಮೇಲೆ ಎಂದಿದ್ದೇನೆ.

ಗಂಗಾ

*

ಹಿರಿಯೂರು
7 ಆಗಸ್ಟ್ 2025

ಗಂಗಾ,

ಎಳೆಯಬೇಡಿ. ಒಂದು ಗೇಣು ಕೂಡ ಎಳೆಯಬೇಡಿ.

ನಿನ್ನ ಕಾಗದ ಓದಿ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ಸುಮಿತ್ರಾಳನ್ನು ವಿಚಾರಿಸಿಕೊಂಡು ಹೋದರು. ನಮ್ಮ ಲಾರಿ ನಿಂತರೆ ನಾವು ಎಳೆಯುತ್ತಿದ್ದೆವು, ನಿಜ. ಇದು ಆ ಜಾತಿಯ ಗೇರಲ್ಲ. ಎಂಜಿನ್ ತಿರುಗಿದರೆ ಮಾತ್ರ ಇದರೊಳಗಿನ ಪಂಪು ಎಣ್ಣೆ ಎತ್ತುತ್ತದೆ. ಎಂಜಿನ್ ಬಂದ್ ಮಾಡಿ ಹಿಂದಿನ ಚಕ್ರ ಉರುಳಿಸಿದರೆ, ಒಳಗಿನದೆಲ್ಲ ಎಣ್ಣೆಯಿಲ್ಲದೆ ಒಣಗಿಕೊಂಡೇ ಉಜ್ಜಿಕೊಳ್ಳುತ್ತದೆ. ಇಡೀ ಹಟ್ಟಿ ಸೇರಿ ಪ್ರೀತಿಯಿಂದ ಆ ಗೇರಿನ ಗಂಟಲು ಹಿಸುಕಿದ್ದೀರಿ. ಸಣ್ಣಪ್ಪನಿಗೆ ಇದನ್ನು ಓದಿ ಹೇಳು. ಬೇಡ, ಹೇಳಬೇಡ, ಅವನು ಉಳುವುದು ಬಿಟ್ಟು ಬಂದವನು. ಬೇಜಾರು ಮಾಡಿಕೊಳ್ಳುತ್ತಾನೆ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂದುಕೊಳ್ಳಬೇಡ. ನಿನ್ನ ಮೊದಲ ಕಾಗದ ಬಂದಾಗಿನಿಂದ ಸುಮ್ಮನೆ ಕೂರಲಾಗದೆ, ಚಿತ್ರದುರ್ಗದಲ್ಲಿ ಇಂಥ ಗೇರು ಬಿಚ್ಚುವ ಮಾರುತೇಶ್ ಎಂಬವನ ಗ್ಯಾರೇಜಿಗೆ ಹೋಗಿ ಕೂತು ಬರುತ್ತಿದ್ದೇನೆ. ಗೇರಿಲ್ಲ ಅಂದಿದ್ದೆನಲ್ಲ, ಇದೆ. ಅದೂ ತಾನೇ ಯೋಚನೆ ಮಾಡುವ ಗೇರು. ಒಳಗೆ ಬಿಚ್ಚಿಟ್ಟಿದ್ದು ನೋಡಿದೆ. ಎಣ್ಣೆ ಹರಿಯಲು ಕೊರೆದ ದಾರಿಗಳು ನಮ್ಮ ಕೋಟೆಯ ಒಳದಾರಿಗಳಿಗಿಂತ ಜಾಸ್ತಿ. ಮನುಷ್ಯ ಇದನ್ನು ಹೇಗೆ ಯೋಚಿಸಿದನೋ ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ನಾಲ್ಕು ಚಕ್ರವೂ ನೆಲ ಬಿಟ್ಟು ಗಾಡಿ ಮೇಲೆ ಗಾಡಿ ಕೂರಬೇಕು. ಹಾಗೆ ಮಾತ್ರ ಅದನ್ನು ಚಿತ್ರದುರ್ಗಕ್ಕೆ ತರಬಹುದು.

ಕಾಟಲಿಂಗಪ್ಪ

*

ತಾಳ್ಯದ ಹಟ್ಟಿ
20 ಆಗಸ್ಟ್ 2025

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದಕ್ಕಿಂತ ಮುಂಚೆ ನೀನು ಕಳಿಸಿದ ಗಾಡಿ ಬಂತು. ಉದ್ದನೆಯ ಹಾಸು ಇರುವ ಲಾರಿ ತಾಳ್ಯದಲ್ಲಿ ನಿಂತಿದೆ, ಗಂಗಾ ಅಂದರೆ ಯಾರು ಎಂದು ಕೇಳುತ್ತಿದೆ ಎಂದು ಜನ ಓಡಿ ಬಂದರು. ಯಾರು ಕಳಿಸಿದ್ದು ಎಂದರೆ ಡ್ರೈವರ್ ನಕ್ಕ. "ಹಿರಿಯೂರಿನ ಯಜಮಾನ್ರು. ಬಾಯಿ ಜೋರೈತೆ, ಆದ್ರೆ ಊಟ ಹಾಕ್ಸಿ ಕಳ್ಸಿದ್ರು" ಅಂದ. ಎಳೆಯಬೇಡ ಎಂಬ ಕಾಗದ ಬಂದದ್ದು ಅದರ ಮಾರನೇ ದಿನ. ಅಷ್ಟರಲ್ಲಿ ಎಳೆಯಲು ಇಲ್ಲಿ ಗಾಡಿಯೇ ಇರಲಿಲ್ಲ. ಸಣ್ಣಪ್ಪನಿಗೆ ನಾನು ಏನೂ ಹೇಳಲಿಲ್ಲ. ಲಾರಿಯ ಡ್ರೈವರ್ ಹೇಳಿಬಿಟ್ಟಿದ್ದಾನೆ. ಸಣ್ಣಪ್ಪ ಈಗ ನನ್ನ ಮುಖ ನೋಡದೆ ಓಡಾಡುತ್ತಾನೆ.

ಗಾಡಿ ಇಲ್ಲದ ಹಟ್ಟಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕುರಿಗಳು ಮೊನ್ನೆ ಹೊಸದುರ್ಗದ ಕಡೆ ಮೇವಿಗೆ ಹೊರಟವು. ನಾನು ಹೋಗಲಿಲ್ಲ. ನೀನು ಲಾರಿ ಹತ್ತಿ ಊರೂರು ತಿರುಗುತ್ತಿದ್ದೆ, ನೋಡಿಲ್ಲ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಕುರಿ ಹಿಂದೆ ನಡೆಯಲಾರದವಳು ಏನಾಗುತ್ತಾಳೆ ಎಂದು ಹೇಳುತ್ತೇನೆ ಕೇಳು. ಎಲ್ಲರೂ ಹೊರಟ ಮೇಲೆ ಬಾಣಂತಿಯರ ಜತೆ, ಕಣ್ಣು ಕಾಣದ ಮುದುಕಿಯರ ಜತೆ ಉಳಿದುಕೊಳ್ಳುತ್ತಾಳೆ. ಅವಳಿಗೆ ಯಾರೂ ಕೆಟ್ಟ ಮಾತಾಡುವುದಿಲ್ಲ. ಕೆಲಸವನ್ನೂ ಹೇಳುವುದಿಲ್ಲ. ನಲವತ್ತರ ತನಕ ನಾನು ಹಾಗೆ ಇದ್ದೆ.

ಗಾಡಿ ಬಂದ ಮೇಲೆ ನಾನೇ ಮುಂದೆ ಹೋಗುತ್ತಿದ್ದೆ. ನೀರಿನ ಡ್ರಮ್ಮು, ಪಾತ್ರೆ, ಬಲೆ, ಆಗ ತಾನೇ ಹುಟ್ಟಿದ ಮರಿಗಳು, ಕುಂಟುವ ಕುರಿ, ಎಲ್ಲ ನನ್ನ ಹಿಂದೆ. ಇವತ್ತು ಎಲ್ಲಿ ಇಳಿಯಬೇಕು ಎಂದು ನನ್ನನ್ನು ಕೇಳುತ್ತಿದ್ದರು. ಒಂದು ಸಲ ನಾನು ತೋರಿಸಿದ ಕಡೆಯೇ ಮಂದೆ ನಿಲ್ಲಿಸಿದರು. ಆ ದಿನ ಎಷ್ಟು ಖುಷಿಯಾಗಿತ್ತು ಎಂದು ಯಾರಿಗೂ ಹೇಳಿಕೊಂಡಿಲ್ಲ, ಹೇಳಬೇಕಾದವನು ಮಾತು ಬಿಟ್ಟಿದ್ದ.

ಮಾರುತೇಶ್ ಏನಂದ? ಉಳಿಯುತ್ತದಾ? ಇದ್ದದ್ದು ಇದ್ದ ಹಾಗೆ ಬರಿ.

ಗಂಗಾ

*

ಚಿತ್ರದುರ್ಗ, ಮಾರುತೇಶನ ಗ್ಯಾರೇಜು
29 ಆಗಸ್ಟ್ 2025

ಗಂಗಾಳಿಗೆ ಆಶೀರ್ವಾದ.

ಗ್ಯಾರೇಜಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಗದಕ್ಕೆ ಎಣ್ಣೆ ಕಲೆಯಾಗಿದೆ, ಬೈಯಬೇಡ.

ಇವತ್ತು ಗೇರಿನ ಕೆಳಗಿನ ತಟ್ಟೆ ಬಿಚ್ಚಿದರು. ಮಾರುತೇಶ್ ಮೊದಲೇ ಹೇಳಿದ್ದ: "ತಟ್ಟೆಯೊಳಗೆ ಒಂದು ಅಯಸ್ಕಾಂತ ಐತೆ ಯಜಮಾನ್ರೆ. ಅದಕ್ಕೆ ಬೂದಿ ಥರ ಮೆತ್ತನೆ ಹಿಡಿದಿದ್ರೆ ಗಾಡಿ ಉಳೀತೈತೆ. ಕಬ್ಬಿಣದ ಚೂರು ಸಿಕ್ಕಿದ್ರೆ, ನನ್ ಕೈಲೂ ಇಲ್ಲ, ನಿಮ್ ಕೈಲೂ ಇಲ್ಲ." ಅವನು ಬೋಲ್ಟು ಸಡಿಲಿಸುವಾಗ ನಾನು ಟೀ ಕುಡಿಯುವ ನೆವದಲ್ಲಿ ರಸ್ತೆಗೆ ಹೋದೆ. ಟೀ ಕುಡಿಯಲಿಲ್ಲ. ಹಾಗೇ ವಾಪಸ್ಸು ಬಂದೆ. ಕಪ್ಪು ಎಣ್ಣೆ ಧಾರೆ ಇಳಿಯುತ್ತಿತ್ತು. ಅವನು ಅಯಸ್ಕಾಂತ ತೆಗೆದು ಬೆರಳಿಗೆ ಒರೆಸಿಕೊಂಡ, ಆಮೇಲೆ ನನ್ನ ಬೆರಳಿಗೂ ಒರೆಸಿದ. ನುಣ್ಣಗಿತ್ತು ಗಂಗಾ. ವಿಭೂತಿಯಷ್ಟು ನುಣ್ಣಗೆ. ಉಜ್ಜಿ ಉಜ್ಜಿ ನೋಡಿದೆ, ಒಂದು ಚೂರೂ ತಾಗಲಿಲ್ಲ.

ಇನ್ನು ಸ್ವಲ್ಪ ದೂರ ಎಳೆದಿದ್ದರೆ ಬೇರೆ ಕಥೆಯಾಗುತ್ತಿತ್ತಂತೆ. ವಾಸನೆ ನೋಡಿ ನಿಲ್ಲಿಸಿದವಳು ನೀನು. ಅಷ್ಟು ಜನರ ಗದ್ದಲದಲ್ಲಿ, ಅಷ್ಟು ಪ್ರೀತಿಯಿಂದ ಎಳೆಯುತ್ತಿರುವಾಗ ನಿಲ್ಲಿಸಿ ಎಂದು ಕೂಗುವುದು ಸಣ್ಣ ಕೆಲಸವಲ್ಲ.

ಫಿಲ್ಟರ್ ಹೊಸದು. ಎಣ್ಣೆ ನಿನ್ನ ಗಾಡಿಯ ಪುಸ್ತಕದಲ್ಲಿ ಬರೆದಿರುವುದೇ, ಬೆಂಗಳೂರಿನಿಂದ ತರಿಸಿದ್ದು, ದಾಸವಾಳದ ಬಣ್ಣ. ಒಂದು ಸಲ ಇಳಿಸಿದರೆ ಹಳೆಯದು ಅರ್ಧದಷ್ಟು ಒಳಗೇ ಉಳಿದಿರುತ್ತದೆ. ಮಿಷನ್ ಹಾಕಿ ಜೋರಾಗಿ ತೊಳೆದುಬಿಡು ಎಂದು ನಾನು ಅವಸರ ಮಾಡಿದೆ. ಮಾರುತೇಶ್ ಕೇಳಲಿಲ್ಲ. ಜೋರಾಗಿ ನುಗ್ಗಿಸಿದರೆ ಹಳೆ ಕೊಳೆಯೆಲ್ಲ ಎದ್ದು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದಂತೆ. ಆದ್ದರಿಂದ ಹೊಸದು ತುಂಬಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ, ಮತ್ತೆ ತುಂಬಬೇಕು. ಬಿಸಿಯಾದ ಮೇಲೆ ಲಿವರನ್ನು ಒಂದೊಂದೇ ಮನೆಗೆ ಹಾಕಿ ತೆಗೆದು, ಎಣ್ಣೆಯ ಮಟ್ಟ ನೋಡಬೇಕು. ಅವನ ತಾಳ್ಮೆ ನೋಡಿ ನನಗೆ ನಾಚಿಕೆಗಿಂತ ಹೊಟ್ಟೆಕಿಚ್ಚಾಯಿತು.

ಕಾಯುತ್ತ ಕೂತವನಿಗೆ ಬೇರೆ ಕೆಲಸವಿಲ್ಲವಲ್ಲ, ನಿನ್ನ ಗಾಡಿಯ ಸುತ್ತ ಸುತ್ತಿದೆ. ಡ್ರೈವರನ್ನು ಅಳೆಯಲು ಅವನ ಪಕ್ಕ ಕೂರಬೇಕಿಲ್ಲ, ಟೈರು ನೋಡಿದರೆ ಸಾಕು. ನಾಲ್ಕೂ ಒಂದೇ ಸಮ ಸವೆದಿವೆ. ಬ್ರೇಕಿನ ಪ್ಯಾಡು ಇನ್ನೂ ದಪ್ಪಗಿದೆ, ಅಂದರೆ ಮುಂದೆ ಏನಿದೆ ಎಂದು ನೀನು ದೂರದಿಂದಲೇ ನೋಡುತ್ತೀಯ. ಹಿಂದೆ ಕುರಿ ಜಾರದಂತೆ ಗೋಣಿಚೀಲ ಹೊಲಿದು ಹಾಸಿದ್ದೀಯ, ಮರಿಗಳಿಗೆ ಬೇರೆ ಗೂಡು. ಬಾಡಿಯ ಮೇಲೆ ಒಂದು ಗೀರಿಲ್ಲ. ನನ್ನ ಲಾರಿಗೆ ಎಷ್ಟು ಗೀರಿದ್ದವು ಅಂತ ಇಲ್ಲಿ ಬರೆಯುವುದಿಲ್ಲ.

ನೀನು ಚೆನ್ನಾಗಿ ಓಡಿಸುತ್ತೀಯ ಗಂಗಾ.

ಕಾಟಲಿಂಗಪ್ಪ

*

ತಾಳ್ಯದ ಹಟ್ಟಿ
8 ಸೆಪ್ಟೆಂಬರ್ 2025

ಅಣ್ಣನಿಗೆ ನಮಸ್ಕಾರ.

ಆ ಕೊನೆಯ ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ, ನಿನಗೆ ತಲೆ ನಿಲ್ಲುವುದಿಲ್ಲ. ಕಬ್ಬಿಣದ ಚೂರಿಲ್ಲ ಎಂಬುದನ್ನು ಸಣ್ಣಪ್ಪನಿಗೆ ಮೊದಲು ಓದಿ ಹೇಳಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡು, "ಇನ್ಮೇಲೆ ನಿನ್ ಗಾಡಿ ನಿಂತ್ರೆ ಹೊತ್ಕಂಡು ಹೋಗ್ತೀವಿ ಕಣಕ್ಕ, ಎಳಿಯಲ್ಲ" ಅಂದ.

ಮಾರುತೇಶ್ ಫೋನ್ ಮಾಡಿದ್ದರು. ಎರಡನೇ ಸಲದ ಎಣ್ಣೆಯೂ ಆಯಿತು, ಬಂದು ತಗೊಂಡು ಹೋಗ್ರಿ ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ನೀನು ಬರೆಯದೆ ಬಿಟ್ಟಿದ್ದು. ಗಾಡಿ ಯಾರದು, ಯಾರು ಓಡಿಸುತ್ತಾರೆ ಎಂದು ಅವರು ಮೊದಲ ದಿನ ಕೇಳಿದರಂತೆ. "ನನ್ ತಂಗಿದು. ಮೂರು ತಾಲೂಕು ಹುಡುಕಿದ್ರೂ ಅವಳಂಗೆ ಓಡ್ಸೋರು ಸಿಗಲ್ಲ" ಅಂದೆಯಂತೆ. ಅವತ್ತಿನ್ನೂ ನನ್ನ ಗಾಡಿ ಹಟ್ಟಿಯಲ್ಲೇ ಇತ್ತು ಅಣ್ಣ. ಟೈರು ನೋಡಿರಲಿಲ್ಲ, ಪ್ಯಾಡು ನೋಡಿರಲಿಲ್ಲ. ನಾನು ಓಡಿಸುವುದನ್ನು ಒಂದು ದಿನವೂ ನೋಡಿದವನಲ್ಲ. ಅದು ಹೇಗೆ ಹೇಳಿದೆ ಎಂದು ನಾನು ಕೇಳುವುದಿಲ್ಲ.

ಹದಿನಾರನೇ ತಾರೀಖು ಬಸ್ಸಿಗೆ ಚಿತ್ರದುರ್ಗಕ್ಕೆ ಬರುತ್ತೇನೆ. ಗೇರು ಸರಿಯಾಗಿದೆಯೋ ಇಲ್ಲವೋ ನೋಡಲು ನಿನಗಿಂತ ಬೇರೆ ಯಾರು ಬೇಕು? ನನ್ನ ಪಕ್ಕ ಕೂರು. ಹಿರಿಯೂರಿಗೆ ನಿನ್ನನ್ನು ಬಿಟ್ಟು ನಾನು ವಾಪಸ್ಸು ಹೊರಡುತ್ತೇನೆ. ಮಾತಾಡಬೇಕಾಗಿಲ್ಲ. ದೇವರಿಗೂ ತೊಂದರೆ ಬೇಡ.

ಗಂಗಾ

*

ಹೊಸದುರ್ಗದ ಹತ್ತಿರ, ಕುರಿ ಇಳಿದ ಹೊಲದಿಂದ
21 ಸೆಪ್ಟೆಂಬರ್ 2025

ಅಣ್ಣನಿಗೆ ನಮಸ್ಕಾರ.

ಕುರಿಗಳನ್ನು ಸೇರಿಕೊಂಡೆ. ಫ್ಯಾನುಗಳ ಗುಡ್ಡದ ಏರನ್ನು ಗಾಡಿ ಹತ್ತಿದ್ದು ನೀನು ನೋಡಬೇಕಿತ್ತು. ಎಂಜಿನ್ ಕೂಗಲಿಲ್ಲ, ಜಿಗಿಯಲಿಲ್ಲ. ಗೇರು ಎಲ್ಲಿ ಬದಲಾಯಿತು ಎಂದು ಹುಡುಕಿದರೂ ಸಿಗಲಿಲ್ಲ. ಮಂದೆಯವರು ದೂರದಿಂದ ನೋಡಿ ಕೈ ಬೀಸಿದರು. ಬಂದ ದಿನವೇ ಮೂರು ಮರಿ ನನ್ನ ಗೂಡು ಸೇರಿವೆ.

ಈಗ ನಮ್ಮ ಪ್ರಯಾಣದ ವಿಷಯ. ಚಿತ್ರದುರ್ಗ ಬಿಡುವ ತನಕ ನೀನು ಬಾಗಿಲ ಮೇಲಿನ ಹಿಡಿ ಬಿಡಲಿಲ್ಲ. ನಿನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು, ಎಡಗಾಲು ಇಲ್ಲದ ಕ್ಲಚ್ಚನ್ನು. ನಾನು ನಗು ತಡೆದುಕೊಂಡು ರಸ್ತೆ ನೋಡಿದೆ. ಹೈವೇ ಸೇರಿದ ಸ್ವಲ್ಪ ಹೊತ್ತಿಗೆ ಕಾಲು ಸುಮ್ಮನಾದವು. ಆಮೇಲೆ ಕೈ ಹಿಡಿ ಬಿಟ್ಟು ಮಡಿಲಿಗೆ ಬಂತು. ತಿರುಗಿ ನೋಡಿದರೆ ನೀನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದೆ.

ಅತ್ತಿಗೆಗೆ ಹೇಳಿದರೆ ನಂಬಲಿಲ್ಲ. "ಬಸ್ಸಿನಾಗೂ ಡ್ರೈವರ್ ಹಿಂದೆ ಕುಂತು ರೋಡ್ ಕಾಯೋ ಮನುಷ್ಯ ಕಣೇ, ಬ್ಯಾರೇರು ಸ್ಟೇರಿಂಗ್ ಹಿಡಿದಾಗ ಕಣ್ಣು ಮುಚ್ಚಿದ್ದು ನಾನಂತೂ ಕಂಡಿಲ್ಲ" ಅಂದರು. ನಿನ್ನ ಆ ಬುದ್ಧಿ ನನಗೂ ಗೊತ್ತು, ಅದಕ್ಕೇ ನಾನು ನಿನ್ನನ್ನು ಎಬ್ಬಿಸಲಿಲ್ಲ. ಮುಂದಿದ್ದ ಲಾರಿಯನ್ನು ದಾಟಲೂ ಹಾರನ್ ಮಾಡದೆ ಅದರ ಹಿಂದೆಯೇ ಬಂದೆ. ನನ್ನ ಜನ್ಮದಲ್ಲಿ ಅಷ್ಟು ಹುಷಾರಾಗಿ ಗಾಡಿ ಓಡಿಸಿಲ್ಲ.

ಹಿರಿಯೂರಿನೊಳಗೆ ತಿರುಗಿದಾಗ ನೀನು ಕಣ್ಣು ಮುಚ್ಚಿಕೊಂಡೇ, "ಎಲ್ಲಿಗೆ ಬಂದ್ವಿ ಗಂಗಾ?" ಎಂದೆ. "ಹಿರಿಯೂರು ಬಂತಣ್ಣ" ಎಂದೆ ನಾನು. ಮನೆ ಮುಂದೆ ಗಾಡಿ ನಿಲ್ಲಿಸಿದೆ. ನೀನು ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ತಿರುಗಿ ನೋಡದೆ ಒಳಗೆ ಹೋದೆ.

ನಿದ್ದೆಗಣ್ಣಿನಲ್ಲಿ ಬಂದ ಮಾತು ಅದು. ಅದನ್ನು ಆಣೆ ಮುರಿದದ್ದು ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಟ್ಟಿಯಲ್ಲಿ ಯಾರಿಗೂ ಹೇಳಿಲ್ಲ. ನೀನು ದೇವರಿಗೆ ಹೆದರುವವನು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾವು ಕಾಗದದಲ್ಲೇ ಇರೋಣ, ಇದೂ ಚೆನ್ನಾಗಿಯೇ ಇದೆ.

ನಿನ್ನ ತಂಗಿ,
ಗಂಗಾ

*

ಹಿರಿಯೂರು
27 ಸೆಪ್ಟೆಂಬರ್ 2025

ಗಂಗಾ,

ಸುಮಿತ್ರಾಳಿಗೆ ಎಲ್ಲ ಹೇಳಿಬಿಟ್ಟೆಯಲ್ಲ, ನಾನು ನಿದ್ದೆ ಮಾಡಿದ್ದು ಈಗ ಬೀದಿಗೆಲ್ಲ ಗೊತ್ತಾಗಿದೆ. ಇರಲಿ. ನಿದ್ದೆ ಬಂದಿದ್ದು ನಿಜ.

ಆದರೆ ಅರ್ಧ ದಾರಿಯ ಐಮಂಗಲದ ತನಕ ಮಾತ್ರ. ಅಲ್ಲಿ ಎಚ್ಚರವಾಯಿತು, ಕಣ್ಣು ಬಿಡಲಿಲ್ಲ. ಕಣ್ಣು ಮುಚ್ಚಿದ್ದರೆ ಡ್ರೈವರನ ತಪ್ಪು ಬೆನ್ನಿಗೆ ತಿಳಿಯುತ್ತದೆ. ನಿನ್ನದೊಂದು ತಪ್ಪು ಹಿಡಿಯೋಣ ಎಂದು ಕಾದು ಕೂತಿದ್ದೆ. ಒಂದೂ ಸಿಗಲಿಲ್ಲ. ಆ ಲಾರಿಗೆ ಹಾರನ್ ಮಾಡದೆ ಹಿಂದೆ ಬಂದಿದ್ದೂ ಗೊತ್ತು, ಯಾಕೆ ಮಾಡಲಿಲ್ಲ ಅಂತಲೂ ಗೊತ್ತು. ಆಗ ಕಣ್ಣು ಬಿಟ್ಟಿದ್ದರೆ ನನ್ನ ಮುಖ ನೀನು ನೋಡುತ್ತಿದ್ದೆ, ಅದಕ್ಕೇ ಬಿಡಲಿಲ್ಲ.

ಬರುವ ಸೋಮವಾರ ಹಟ್ಟಿಗೆ ಬರುತ್ತೇನೆ. ಗುಡಿಯ ಮುಂದೆ ತಪ್ಪು ಕಾಣಿಕೆ ಇಟ್ಟು, ಎಲ್ಲರ ಎದುರಿಗೆ ಆಣೆ ಮುರಿದಿದ್ದೇನೆ ಎಂದು ನಾನೇ ಹೇಳುತ್ತೇನೆ. ನೀನು ಮುಚ್ಚಿಡಬೇಡ. ಆ ರಸ್ತೆಯಲ್ಲಿ ಮೂವತ್ತು ವರ್ಷ ಓಡಾಡಿದವನು ನಾನು. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರೂ ಹಿರಿಯೂರು ಬಂತೆಂದು ಹೇಳಬಲ್ಲೆ.

ಗೊತ್ತಿದ್ದೇ ಕೇಳಿದೆ ಕಣವ್ವ.

ನಿನ್ನ ಅಣ್ಣ,
ಕಾಟಲಿಂಗಪ್ಪ